ಪೇಪರ್ ಲೋಟ

ನಮ್ಮೂರು ದೊಡ್ಡಬಳ್ಳಾಪುರಕ್ಕೂ ದೇವನಹಳ್ಳಿಗೂ ನಡುವೆ ಇದೆ. ಹೆಸರು ಬೇಡ, ಯಾಕೆ ಅಂತ ಆಮೇಲೆ ಹೇಳ್ತೀನಿ. 2008ರಲ್ಲಿ ಏರ್‌ಪೋರ್ಟ್ ಶುರುವಾದ ಮೇಲೆ ನಮ್ಮ ಸುತ್ತಮುತ್ತ ಎಷ್ಟೋ ಹೊಲಗಳು ಸೈಟುಗಳಾದವು. ಅಪ್ಪ ಮಾತ್ರ ಎರಡು ಎಕರೆ ರಾಗಿ ಬಿಟ್ಟಿಲ್ಲ. ನಾನು ವಾರವೆಲ್ಲ ಬೆಂಗಳೂರಲ್ಲಿ ಕೋಡ್ ಬರೆದು ಶನಿವಾರ ಊರಿಗೆ ಹೋಗಿ ಮುದ್ದೆ ಉಣ್ಣುವ ಗಿರಾಕಿ.

ಹೋದ ವರ್ಷ ಗೆಳೆಯನ ತಂಗಿಯೊಬ್ಬಳು, ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡ್ತಿರೋಳು, ಪ್ರಾಜೆಕ್ಟಿಗೆ ಒಂದು ಹಳ್ಳಿ ಬೇಕು ಅಂದಳು. "ನಮ್ಮೂರೇ ಇದೆಯಲ್ಲ, ಬಾ" ಅಂದೆ. ಅವಳ ಪ್ರಶ್ನೆಗಳನ್ನು ಫೋನಿನಲ್ಲೇ ತುಂಬುವಂಥ ಫಾರ್ಮ್ ಮಾಡಿಕೊಟ್ಟವನೂ ನಾನೇ, ಮನೆಮನೆಗೆ ಕರೆದುಕೊಂಡು ಹೋದವನೂ ನಾನೇ. ಮೊದಲ ದಿನ ಊರೊಳಗೂ ಹೋದೆವು, ಕಾಲೋನಿಗೂ ಹೋದೆವು. ಮನೆಯಲ್ಲಿ ಎಷ್ಟು ಜನ, ಎಷ್ಟು ಜಮೀನು, ಎಲ್ಲಿವರೆಗೆ ಓದು ಅನ್ನೋದೆಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಇತ್ತು: "ಊರಿನಲ್ಲಿ ಜಾತಿ ಕಾರಣಕ್ಕೆ ನಿಮ್ಮನ್ನು ಬೇರೆ ಥರ ನೋಡ್ತಾರಾ?"

ಎಲ್ಲರೂ "ಇಲ್ಲ" ಅಂದರು. ಕಾಲೋನಿಯವರೂ "ಅಯ್ಯೋ, ಅಂಥದ್ದೇನಿಲ್ಲ ಸ್ವಾಮಿ, ಎಲ್ಲಾ ಚೆನ್ನಾಗವ್ರೆ" ಅಂದರು. ರಾತ್ರಿ ಚಾರ್ಟ್ ತೆಗೆದರೆ ಇಡೀ ವೃತ್ತ ಒಂದೇ ಬಣ್ಣ. "ನೋಡಿದ್ಯಾ, ನಮ್ಮೂರು ಹಂಗೆ" ಅಂತ ಎದೆಯುಬ್ಬಿಸಿ ಹೇಳಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣ, ನಾಳೆ ಕಾಲೋನಿಗೆ ನಾನೊಬ್ಬಳೇ ಹೋಗಿಬರ್ಲಾ?" ಅಂದಳು.

ನನಗೆ ಆಗಲೇ ಹೊಳೆಯಬೇಕಿತ್ತು. ನಮ್ಮ ಕೆಲಸದಲ್ಲಿ ಮೊದಲ ಸಲಕ್ಕೇ ಎಲ್ಲಾ ಟೆಸ್ಟ್ ಪಾಸಾದರೆ ಯಾರೂ ಕುಣಿಯಲ್ಲ. ಟೆಸ್ಟ್ ನಿಜವಾಗಿ ಓಡಿತಾ ಅಂತ ನೋಡ್ತೀವಿ. ಇಲ್ಲಿ ಓಡಿರಲಿಲ್ಲ. ಯಾರ ಹೊಲಕ್ಕೆ ಕೂಲಿಗೆ ಹೋಗ್ತಾರೋ ಆ ಮನೆಯ ಮಗ ಫೋನ್ ಹಿಡಿದು ಬಾಗಿಲಲ್ಲಿ ನಿಂತು "ನಿಮಗೇನಾದ್ರೂ ತೊಂದ್ರೆ ಇದೆಯಾ" ಅಂತ ಕೇಳಿದರೆ ಯಾರು ತಾನೇ ಹೌದು ಅಂತಾರೆ? ಕೇಳುವವನು ಯಾರು ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ ಅನ್ನೋದು ಸಮೀಕ್ಷೆ ಮಾಡುವವರಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲಿ ಒಂದಂತೆ. ನಾನು ಬಿಇ ಓದಿದವನು, ನನಗೆ ಆ ಪಾಠ ಇರಲಿಲ್ಲ.

ಮಾರನೇ ದಿನ ಅವಳು ಹೋಗಿ, ಕೂತು, ನೀರು ಕೇಳಿ ಕುಡಿದು, ಸಂಜೆವರೆಗೂ ಮಾತಾಡಿ ಬಂದಳು. "ಇಲ್ಲ" ಅಂದಿದ್ದ ಎಷ್ಟೋ ಮನೆಗಳು ಈಗ "ಹೌದು" ಅಂದಿದ್ದವು. ದೇವಸ್ಥಾನದ ಯಾವ ಮೆಟ್ಟಿಲವರೆಗೆ, ಮದುವೆ ಊಟದಲ್ಲಿ ಎಷ್ಟನೇ ಪಂಕ್ತಿ, ಎಲ್ಲಾ ಇತ್ತು. ಅದರ ಜೊತೆ ಒಂದು ಸಾಲು: ಕೂಲಿಗೆ ಕರೆಯುವ ಕೆಲವು ಮನೆಗಳಲ್ಲಿ ಕೆಲಸದವರಿಗೆ ಕಾಫಿ ಪೇಪರ್ ಲೋಟದಲ್ಲಿ, ಮನೆಯವರಿಗೆ ಸ್ಟೀಲ್ ಲೋಟದಲ್ಲಿ.

"ಯಾರು ಹೇಳಿದ್ದು?" ಅಂದೆ. ಸುಳ್ಳು ಹೇಳಲ್ಲ, ಮೊದಲು ಬಂದದ್ದು ಸಿಟ್ಟು.

"ಅದನ್ನ ಹೇಳಲ್ಲ ಅಣ್ಣ" ಅಂದಳು. ಹೇಳದಿರುವುದೇ ಅವಳ ವಿದ್ಯೆಯ ಧರ್ಮ.

ಆಮೇಲೆ ನೆನಪಾಯ್ತು. ನಾನು ಚಿಕ್ಕವನಿದ್ದಾಗ ಹಿತ್ತಲಿನ ಸೂರಿನ ಸಂದಿಯಲ್ಲಿ ಒಂದು ಅಲ್ಯೂಮಿನಿಯಂ ಲೋಟ ಸಿಕ್ಕಿಸಿರ್ತಿತ್ತು. ಕೆಲಸಕ್ಕೆ ಬಂದವನು ತಾನೇ ಅದನ್ನು ತೆಗೆದು ಹಿಡೀತಿದ್ದ, ಅಜ್ಜಿ ಮೇಲಿಂದ ಹುಯ್ಯುತ್ತಿದ್ದಳು, ಅವನೇ ತೊಳೆದು ಅಲ್ಲೇ ಇಡ್ತಿದ್ದ. ಹೆಂಚು ಹೋಗಿ ಆರ್‌ಸಿಸಿ ಬಂತು, ಸೂರಿನ ಸಂದಿಯೂ ಹೋಯ್ತು. ಲೋಟ ಹೋಯ್ತು ಅಂದುಕೊಂಡಿದ್ದೆ. ಹೋಗಿರಲಿಲ್ಲ, ಪೇಪರಿನದಾಗಿತ್ತು.

ಅಮ್ಮನ್ನ ಕೇಳಿದೆ. "ಸುಮ್ನೆ ಏನೇನೋ ತಲೆಗೆ ಹಾಕ್ಕೋಬೇಡ. ತೊಳೆಯೋ ಕೆಲಸ ತಪ್ಪುತ್ತೆ ಅಂತ ತಂದಿದ್ದಪ್ಪ" ಅಂದರು. ಅಮ್ಮ ಸುಳ್ಳು ಹೇಳ್ತಿಲ್ಲ. ರಾಬರ್ಟ್ ಮರ್ಟನ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞ, ಯಾವುದೇ ರೂಢಿ ನಾವು ಬಾಯಲ್ಲಿ ಹೇಳುವ ಕೆಲಸ ಒಂದನ್ನು ಮಾಡಿದರೆ, ನಮ್ಮ ಗಮನಕ್ಕೇ ಬಾರದ ಇನ್ನೊಂದು ಕೆಲಸವನ್ನೂ ಮಾಡುತ್ತಿರಬಹುದು ಅಂತ ತೋರಿಸಿದ. ಪೇಪರ್ ಲೋಟ ಪಾತ್ರೆ ತೊಳೆಯೋದನ್ನ ತಪ್ಪಿಸುತ್ತೆ. ಸಂವಿಧಾನದ 17ನೇ ವಿಧಿ ರದ್ದು ಮಾಡಿದ ಅಸ್ಪೃಶ್ಯತೆಯನ್ನು ಸದ್ದಿಲ್ಲದೆ ಉಳಿಸಿಕೊಳ್ಳುತ್ತೆ ಕೂಡ.

ಆ ಹುಡುಗಿ ಹೋಗುವಾಗ ಒಂದು ಪುಸ್ತಕ ಕೊಟ್ಟು ಹೋದಳು: ಎಂ.ಎನ್. ಶ್ರೀನಿವಾಸ್ ಅವರ 'ದಿ ರಿಮೆಂಬರ್ಡ್ ವಿಲೇಜ್'. ಮೈಸೂರಿನವರು, ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದವರು, 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಊರನ್ನು ನೋಡಿದರು. ಪುಸ್ತಕದಲ್ಲಿ ಆ ಊರಿಗೆ ಇಟ್ಟ ಹೆಸರು ರಾಂಪುರ, ನಿಜವಾದ ಹೆಸರು ಬೇರೆ. ನಾನು ನಮ್ಮೂರ ಹೆಸರು ಹೇಳದಿರೋದಕ್ಕೂ ಅದೇ ಕಾರಣ. ನಿಜ ಹೇಳಿದವರು ನಾಳೆಯೂ ಅದೇ ಊರಲ್ಲಿ ಬದುಕಬೇಕು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಅವರು ವರ್ಷಗಟ್ಟಲೆ ಸಿದ್ಧಮಾಡಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಬ್ಯಾಕಪ್ಪೂ ಹೋಯ್ತು ಅಂತೀವಲ್ಲ, ಹಾಗೆ. ನೆನಪಿನಿಂದಲೇ ಬರೆದು 1976ರಲ್ಲಿ ಪುಸ್ತಕ ತಂದರು. ಜಮೀನು, ಜನಸಂಖ್ಯೆ, ರಾಜಕೀಯದ ಬಲ ಇರುವ ಜಾತಿಗೆ 'ಪ್ರಬಲ ಜಾತಿ' ಅಂತ ಹೆಸರಿಟ್ಟವರೂ ಅವರೇ. ನಮ್ಮ ಮನೆಗೆ ಅದಕ್ಕಿಂತ ಸರಿಯಾದ ವಿಳಾಸ ಇಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ವಿಷಯ. ಶ್ರೀನಿವಾಸ್ ಉಳಿದುಕೊಂಡಿದ್ದು ಊರ ಪಟೇಲರ ಎತ್ತಿನ ಮನೆಯಲ್ಲಿ. ತಾನು ಕಂಡದ್ದು ಮೇಲ್ಜಾತಿಯವರ ಜಾಗದಿಂದ ಕಂಡ ಊರು ಅಂತ ಅವರೇ ಒಪ್ಪಿಕೊಳ್ತಾರೆ. ಆಕ್ಸ್‌ಫರ್ಡ್ ಪಂಡಿತರು ಒಪ್ಪಿಕೊಂಡದ್ದನ್ನ ಒಂದು ಫಾರ್ಮ್ ಮಾಡಿದ ನಾನು ಒಪ್ಪಿಕೊಂಡಿರಲಿಲ್ಲ.

ನಮ್ಮ ಭಾಷೆಯಲ್ಲೇ ನೋಡಿ. ನಮ್ಮ ಹೊಲಕ್ಕೆ ಬರುವ ಹಿರಿಯರೊಬ್ಬರಿದ್ದಾರೆ, ಅಪ್ಪನಿಗಿಂತ ದೊಡ್ಡವರು. ಅವರು ನನಗೆ "ಬನ್ನಿ" ಅಂತಾರೆ. ನಾನು ಆರು ವರ್ಷದವನಿದ್ದಾಗಿಂದ ಅವರಿಗೆ "ಬಾ" ಅಂತೀನಿ. ಯಾರೂ ಹೇಳಿಕೊಟ್ಟಿದ್ದಲ್ಲ. ಮೇಲೆ ಅಜ್ಜಿ ಹುಯ್ಯುವಾಗ ಲೋಟ ಹಿಡೀತಿದ್ದ 'ಅವನು' ಅಂತ ಬರೆದೆನಲ್ಲ, ಅದು ಇದೇ ಹಿರಿಯರು. ಬರೆಯುವಾಗ ಗಮನಿಸಲೇ ಇಲ್ಲ. ಆಫೀಸಿನಲ್ಲಿ ಸಿಇಒನ್ನೂ ಹೆಸರು ಹಿಡಿದು ಕರೆದು ಸಮಾನತೆ ಅಂತ ಖುಷಿಪಡುವ ನಾಲಿಗೆಯೇ ಇದು. ನಮಗಿಂತ ಮುಂಚೆಯೇ ಇದ್ದು, ಹೊರಗಿನಿಂದ ನಮ್ಮನ್ನು ಒತ್ತುವ ಇಂಥವನ್ನು 'ಸಾಮಾಜಿಕ ಸಂಗತಿ' ಅಂತ ಡರ್ಕೈಮ್ 1895ರಲ್ಲೇ ಕರೆದ.

ಇಲ್ಲೇ ನನಗೆ ಕಷ್ಟದ ಪ್ರಶ್ನೆ ಎದುರಾಗೋದು. ನನ್ನ ನಾಲಿಗೆಯನ್ನು ಸಮಾಜ ತಿದ್ದಿದ್ದು, ಅಮ್ಮನ ಕೈಗೆ ಲೋಟ ಕೊಟ್ಟಿದ್ದು ಅಜ್ಜಿಯ ಕಾಲ ಅಂದಮೇಲೆ, ತಪ್ಪು ಯಾರದು? "ವ್ಯವಸ್ಥೆಯೇ ಹಾಗಿದೆ ಬಿಡಿ" ಅಂದುಬಿಟ್ಟರೆ ಎಷ್ಟು ಹಗುರ! ಸಮಾಜಶಾಸ್ತ್ರ ಓದಿದರೆ ಪಾಪ ಕಳೆದುಕೊಳ್ಳಬಹುದು ಅನ್ನಿಸಿಬಿಡುತ್ತೆ.

ಉತ್ತರ ಸಿಕ್ಕಿದ್ದು ಆಫೀಸಿನಲ್ಲೇ. ಸರ್ವರ್ ಬಿದ್ದಾಗ ನಾವು ಪೋಸ್ಟ್‌ಮಾರ್ಟಮ್ ಮಾಡ್ತೀವಿ, ಯಾರನ್ನೂ ದೂರದೆ. ರಾತ್ರಿ ಎರಡು ಗಂಟೆಗೆ ತಪ್ಪು ಕಮಾಂಡ್ ಕೊಟ್ಟ ಹುಡುಗನನ್ನು ಬೈಯಲ್ಲ. ಅಂಥ ಕಮಾಂಡ್ ಓಡಲು ಬಿಟ್ಟ ವ್ಯವಸ್ಥೆ ಯಾವುದು ಅಂತ ಹುಡುಕ್ತೀವಿ. ಅದು ನ್ಯಾಯ. ಆದರೆ ಆ ಡಾಕ್ಯುಮೆಂಟ್ ಅಲ್ಲಿಗೇ ಮುಗಿಯಲ್ಲ. ಕೊನೆಯಲ್ಲಿ ಒಂದು ಟೇಬಲ್ ಇರುತ್ತೆ: ಏನು ಸರಿಮಾಡಬೇಕು, ಯಾರು ಮಾಡ್ತಾರೆ, ಯಾವಾಗ. 'ಯಾರು' ಅನ್ನೋ ಕಾಲಮ್ಮಿನಲ್ಲಿ 'ವ್ಯವಸ್ಥೆ' ಅಂತ ಬರೆದರೆ ಮ್ಯಾನೇಜರ್ ವಾಪಸ್ ಕಳಿಸ್ತಾರೆ. ಅಲ್ಲಿ ಒಬ್ಬ ಮನುಷ್ಯನ ಹೆಸರೇ ಬೇಕು.

ಸಮಾಜಶಾಸ್ತ್ರ ಕೊಡೋದು ಮೊದಲ ಭಾಗ. ನಾನು ಇಲ್ಲಿ ಹೇಗೆ ಬಂದು ನಿಂತೆ ಅನ್ನೋದನ್ನ ಅದು ಹೇಳುತ್ತೆ. ಇಲ್ಲೇ ನಿಂತಿರೋದಕ್ಕೆ ಅದು ಪರ್ಮಿಷನ್ ಲೆಟರ್ ಅಲ್ಲ. ಗೊತ್ತಿಲ್ಲದೆ ಇದ್ದಾಗ ಅದು ಬಂದ ರೂಢಿ. ಗೊತ್ತಾದ ಮಾರನೇ ದಿನದಿಂದ ಅದು ನನ್ನ ತೀರ್ಮಾನ.

ರಾಗಿ ಕೊಯ್ಲಿನ ದಿನ ನಾನೇ ಸ್ಟೀಲ್ ಲೋಟಗಳಲ್ಲಿ ಕಾಫಿ ತುಂಬಿ ಹೊಲಕ್ಕೆ ತಗೊಂಡು ಹೋದೆ. ಅಮ್ಮ ನೋಡಿದರು, ಏನೂ ಅನ್ನಲಿಲ್ಲ. "ತಗೊಳ್ಳಿ" ಅಂದೆ ಹಿರಿಯರಿಗೆ. ಆ "ಳ್ಳಿ" ನನ್ನ ಬಾಯಿಗೇ ಹೊಸದಾಗಿ ಕೇಳಿಸಿತು. ಅವರು ಲೋಟವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಯಾಕ್ ಸ್ವಾಮಿ, ಪೇಪರ್ ಲೋಟ ಖಾಲಿ ಆಗೋದ್ವಾ?" ಅಂದರು.

ಅವರಿಗೆ ನಿಜ ಹೇಳಬೇಕಿತ್ತು. ಇಷ್ಟು ವರ್ಷ ಮಾಡಿದ್ದು ತಪ್ಪು ಅನ್ನಬೇಕಿತ್ತು. ನಾಲಿಗೆ ಏಳಲಿಲ್ಲ. "ಹೂಂ, ಖಾಲಿಯಾಯ್ತು" ಅಂದೆ.

ಅಡಿಗೆಮನೆ ಶೆಲ್ಫಿನಲ್ಲಿ ಇನ್ನೂ ಎರಡು ಪ್ಯಾಕೆಟ್ ಇವೆ. ಟೇಬಲ್ಲಿನಲ್ಲಿ ನನ್ನ ಹೆಸರಿನ ಮುಂದೆ ಇರೋ ಕೆಲಸವೂ ಇನ್ನೂ ಬಾಕಿ ಇದೆ.