ದೇಶ ಸುತ್ತಿದ ಮಕ್ಕಳು

‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಹೇಳಿಟ್ಟಿದ್ದಾರೆ. ಹೇಳಿದವರು ಗಂಡಸರೇ ಇರಬೇಕು ಎಂಬುದು ನನ್ನ ಅನುಮಾನ. ಗಂಡಸು ದೇಶ ಸುತ್ತಲು ಹೊರಟರೆ ಹೆಗಲಿಗೊಂದು ಚೀಲ ಸಾಕು. ಹೆಂಗಸು ಹೊರಟರೆ ಒಲೆ, ಪಾತ್ರೆ, ಕೂಸು, ಕೂಸಿನ ಜ್ವರದ ಔಷಧಿ ಎಲ್ಲವೂ ಜೊತೆಗೆ ಹೊರಡಬೇಕು. ಹಾಗಾಗಿ ಮಕ್ಕಳುಮರಿ ಕಟ್ಟಿಕೊಂಡು ವರ್ಷಗಟ್ಟಲೆ ತಿರುಗುವ ಸಂಸಾರದ ಸುದ್ದಿ ಎಲ್ಲಾದರೂ ಸಿಕ್ಕರೆ, ನಾನು ಮೊದಲು ಹುಡುಕುವುದು ಆ ತಾಯಿಯ ವಿಚಾರವನ್ನು.

ಅರ್ಜೆಂಟೀನಾದ ಹರ್ಮನ್ ಮತ್ತು ಕ್ಯಾಂಡೆಲಾರಿಯಾ ಜಾಪ್ ದಂಪತಿಗಳ ಕಥೆ ಅಂಥದು. 2000ದ ಜನವರಿಯಲ್ಲಿ ಅವರು 1928ರ ಹಳೆಯ ಕಾರೊಂದನ್ನು ಹತ್ತಿ ಅಲಾಸ್ಕಾದ ಕಡೆಗೆ ಹೊರಟರು. ಆರು ತಿಂಗಳ ಪ್ರವಾಸವೆಂಬ ಲೆಕ್ಕವಿತ್ತು. ಆ ತಿರುಗಾಟ ಮುಗಿದದ್ದು 2022ರಲ್ಲಿ! ನೂರಕ್ಕೂ ಹೆಚ್ಚು ದೇಶಗಳು, ಸುಮಾರು 3,62,000 ಕಿಲೋಮೀಟರ್ ದಾರಿ. ನಡುವೆ ನಾಲ್ಕು ಮಕ್ಕಳು ಹುಟ್ಟಿದರು. ಅಮೆರಿಕದಲ್ಲಿ ಒಬ್ಬರು, ಅರ್ಜೆಂಟೀನಾದಲ್ಲಿ ಒಬ್ಬರು, ಕೆನಡಾದಲ್ಲಿ ಒಬ್ಬರು, ಆಸ್ಟ್ರೇಲಿಯಾದಲ್ಲಿ ಒಬ್ಬರು. ಕೈಯಲ್ಲಿ ಹಣ ಮುಗಿದಾಗ ಚಿತ್ರ ಬರೆದು ಮಾರಿದರು, ತಮ್ಮ ಪಯಣದ ಪುಸ್ತಕ ಬರೆದು ಮಾರಿದರು. ಮಕ್ಕಳಿಗೆ ಪಾಠ ಹೇಳಿದ್ದು ತಾಯಿಯೇ.

ಇದರಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ದೇಶಗಳ ಲೆಕ್ಕವಲ್ಲ. ಅವರು ಸುಮಾರು ಎರಡು ಸಾವಿರ ಮನೆಗಳಲ್ಲಿ ಅತಿಥಿಗಳಾಗಿ ಉಳಿದರಂತೆ. ಯೋಚಿಸಿ ನೋಡಿ, ಎರಡು ಸಾವಿರ ಅಡುಗೆಮನೆಗಳು! ಚಪ್ಪಲಿ ಎಲ್ಲಿ ಬಿಡಬೇಕು, ಯಾರು ಮೊದಲು ಉಣ್ಣುತ್ತಾರೆ, ಬಡಿಸಿದ್ದು ರುಚಿಸದಿದ್ದರೆ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದನ್ನೆಲ್ಲ ಆ ಮಕ್ಕಳು ಪರರ ಸೂರಿನಡಿ ಕಲಿತಿರಬೇಕು. ‘ಎಲ್ಲರೂ ನಮ್ಮವರೇ’ ಎಂದು ನಾನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದರೂ ಈ ಪಾಠ ಅಷ್ಟು ಆಳಕ್ಕೆ ಇಳಿಯಲಾರದು.

ಆದರೂ ಒಂದು ಪ್ರಶ್ನೆ ಕೊರೆಯುತ್ತದೆ. ಕನಸು ಅಪ್ಪ ಅಮ್ಮನದು, ಬಾಲ್ಯ ಮಕ್ಕಳದು. ಅಜ್ಜಿಯ ಮಡಿಲು, ಒಂದೇ ಬೆಂಚಿನ ಗೆಳತಿ, ಅಂಗಳದ ಒಂದು ಮರ, ಇವನ್ನೆಲ್ಲ ಮಕ್ಕಳ ಪಾಲಿನಿಂದ ತೆಗೆಯುವ ಹಕ್ಕು ತಾಯಿತಂದೆಗಳಿಗೆ ಇದೆಯೇ? ಇಲ್ಲವೆಂದು ಥಟ್ಟನೆ ಹೇಳಿಬಿಡಬಹುದು. ಹಾಗೆ ಹೇಳುವ ನಾವಾದರೂ ಯಾವ ಮಗುವನ್ನು ಕೇಳಿದ್ದೇವೆ? ಹತ್ತು ವರ್ಷ ಒಂದೇ ಗೋಡೆಯೊಳಗೆ ಕೂರಿಸಿ, ಸಂಜೆ ಟ್ಯೂಷನ್ನಿಗೆ ಅಟ್ಟುವುದು ಕೂಡ ಹಿರಿಯರದೇ ತೀರ್ಮಾನ. ಮಗುವಿನ ಬಾಲ್ಯವನ್ನು ಹಿರಿಯರು ಒಂದಲ್ಲ ಒಂದು ಕಡೆಗೆ ಎಳೆದೇ ಎಳೆಯುತ್ತಾರೆ. ಎಳೆದವರು ಅದರ ಜವಾಬ್ದಾರಿಯನ್ನೂ ಹೊತ್ತರೆ ನ್ಯಾಯ.

ಈ ಮಾತು ಬರೆಯುವಾಗ ನನಗೆ ನಮ್ಮ ಕಡೆಯ ಕುರುಬರ ಸಂಸಾರಗಳು ನೆನಪಾಗುತ್ತವೆ. ಅವರೂ ಮನೆಮಂದಿಯೆಲ್ಲ ಸೇರಿ ತಿಂಗಳುಗಟ್ಟಲೆ ದೇಶ ತಿರುಗುವವರೇ. ದೀಪಾವಳಿ ಕಳೆದ ಮೇಲೆ ಕುರಿಗಳ ಹಿಂದೆ ಹೊರಡುತ್ತಾರೆ. ಕುದುರೆಯ ಮೇಲೆ ಪಾತ್ರೆ, ಕಂಬಳಿ, ಕೋಳಿ, ಆಗಷ್ಟೇ ಹುಟ್ಟಿದ ಕುರಿಮರಿ, ಕೆಲವೊಮ್ಮೆ ಕೂಸು. ಕೊಯ್ಲಾದ ಹೊಲಗಳಲ್ಲಿ ರಾತ್ರಿ ಕುರಿ ತರುಬಿದರೆ ರೈತನಿಗೆ ಗೊಬ್ಬರ, ಇವರಿಗೆ ಕಾಳು ಇಲ್ಲವೆ ಕಾಸು.

ಅಂಥ ಮನೆಯ ಹುಡುಗನೊಬ್ಬ ಐದನೆಯ ತರಗತಿಯಲ್ಲಿ ನನ್ನ ಬಳಿ ಓದುತ್ತಿದ್ದ. ಮಳೆಗಾಲಕ್ಕೆ ಮರಳಿದಾಗ ಅವನು ತಿರುಗಿದ ದಾರಿಯನ್ನು ನೆಲದ ಮೇಲೆ ಸುಣ್ಣದಕಡ್ಡಿಯಿಂದ ಬರೆಯಿಸಿದೆ. ಯಾವ ಊರಿನ ನೀರು ಸವಳು, ಯಾವ ಹಳ್ಳ ಎಂದು ಬತ್ತುತ್ತದೆ, ಯಾವ ಎಲೆ ತಿಂದರೆ ಕುರಿ ಹೊಟ್ಟೆಯುಬ್ಬರ ಬಂದು ಸಾಯುತ್ತದೆ, ಎಲ್ಲ ಸರಸರನೆ ಹೇಳಿದ. ಊರುಗಳ ಹೆಸರನ್ನು ಬರೆಯಲು ಮಾತ್ರ ಅವನಿಗೆ ಬರಲಿಲ್ಲ. ಅದನ್ನು ಉಳಿದ ಮಕ್ಕಳು ಬರೆದರು.

ಅವನ ತಾಯಿಗೆ, ಮುಂದಿನ ಸಲವಾದರೂ ಹುಡುಗನನ್ನು ಬಿಟ್ಟು ಹೋಗು ತಂಗಿ ಎಂದೆ. ಆಕೆ ಸೆರಗಿನ ತುದಿ ತಿರುವುತ್ತ, “ಅಕ್ಕೋರ, ಇವನ್ನ ಬಿಟ್ಟು ಕುರಿ ಹಿಂದ ಹೆಂಗ ಹೋಗ್ಲಿ? ಕುರಿ ಬಿಟ್ಟು ಇವನ್ನ ಹೆಂಗ ಸಾಕ್ಲಿ?” ಎಂದಳು. ನನ್ನ ಬಿ.ಎಡ್. ಪುಸ್ತಕಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಕಾರಿನಲ್ಲಿ ಲೋಕ ಸುತ್ತಿದ ಮಗುವನ್ನು ನಾವು ಬೆರಗಿನಿಂದ ನೋಡುತ್ತೇವೆ. ಕುದುರೆಯ ಹಿಂದೆ ನಡೆದ ಮಗುವಿಗೆ ಹಾಜರಿ ಪುಸ್ತಕದಲ್ಲಿ ‘ಶಾಲೆ ಬಿಟ್ಟವನು’ ಎಂದು ಬರೆಯುತ್ತೇವೆ. ಇಬ್ಬರೂ ಕಂಡದ್ದು ಲೋಕವನ್ನೇ. ಒಬ್ಬನ ಜೊತೆ ಅಕ್ಷರ ಬಲ್ಲ ತಾಯಿ ಪುಸ್ತಕ ಹಿಡಿದು ಕುಳಿತಿದ್ದಳು; ಇನ್ನೊಬ್ಬನ ತಾಯಿಗೆ ಆ ಅಕ್ಷರವನ್ನು ಯಾರೂ ಕೊಟ್ಟಿರಲಿಲ್ಲ. ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ. ನೋಡಿದ್ದನ್ನು ಹೆಸರಿಟ್ಟು ಬರೆಯಬಲ್ಲವನ ಅನುಭವ ಜ್ಞಾನವೆನಿಸಿಕೊಳ್ಳುತ್ತದೆ. ಬರೆಯಲಾರದವನ ಅನುಭವ ಬರೀ ಪಾಡು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಶಾಲೆ ತಪ್ಪಿದ ಮಗು ಬಂದಾಗ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದುಳಿದ ಪಾಠವನ್ನು ಬೇರೆಯಾಗಿ ಹೇಳಿಕೊಡಬೇಕು. ಬಾಗಿಲೇನೋ ತೆರೆದಿದೆ. ಒಳಗೆ ಕುಳಿತವರು ‘ಇಷ್ಟು ದಿನ ಎಲ್ಲಿ ಹೋಗಿದ್ದೆ?’ ಎಂದು ಯಾವ ದನಿಯಲ್ಲಿ ಕೇಳುತ್ತಾರೆ ಎಂಬುದನ್ನು ಯಾವ ಕಾಯ್ದೆ ಬರೆದೀತು? ಅದೇ ಮಾತನ್ನು ಗದರಿಸಿಯೂ ಕೇಳಬಹುದು. ದೂರದಿಂದ ಬಂದ ನೆಂಟನನ್ನು ಕೇಳುವಂತೆ, ಪಕ್ಕದಲ್ಲಿ ಕೂರಿಸಿಕೊಂಡು, ಕೇಳಿದ್ದನ್ನೆಲ್ಲ ಅವನ ಕೈಯಿಂದಲೇ ಬರೆಯಿಸುತ್ತಲೂ ಕೇಳಬಹುದು.