ದೋಷವೆಲ್ಲಿ, ದಂಡವೆಲ್ಲಿ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯನ್ನು ನಾವೆಲ್ಲರೂ ನಗುತ್ತ ಹೇಳುತ್ತೇವೆ. ಆದರೆ ಆ ಬರೆಯನ್ನು ನಮ್ಮ ಕೈಯೇ ಎಷ್ಟು ಸಲ ಎಳೆದಿದೆಯೆಂದು ಎಣಿಸಿ ನೋಡಿದವರು ವಿರಳ. ಕೆಟ್ಟಿರುವುದು ಒಂದೆಡೆ, ಕೇಡು ಕಾಣಿಸಿಕೊಳ್ಳುವುದು ಇನ್ನೊಂದೆಡೆ. ಹೀಗಿರುವಲ್ಲಿ ಕಂಡುದನ್ನೇ ದಂಡಿಸುವ ಅಧಿಕಾರವು ನಮಗುಂಟೆ? ಈ ಪ್ರಶ್ನೆಯನ್ನು ನನ್ನಲ್ಲಿ ಎಬ್ಬಿಸಿದುದು ಯಾವ ಶಾಸ್ತ್ರಗ್ರಂಥವೂ ಅಲ್ಲ. ಇಳಕಲ್ಲಿನಲ್ಲಿ ಹೆದ್ದಾರಿಯ ಬದಿಗೆ ನಿಂತಿದ್ದ ಒಂದು ಹಳೆಯ ಲಾರಿ.

ಇಳಕಲ್ಲು ಸೀರೆಗೆ ಹೆಸರಾದಂತೆ ಕೆಂಪು ಗ್ರಾನೈಟು ಶಿಲೆಗೂ ಹೆಸರಾದ ಊರು. ಕಲ್ಲು ಹೊತ್ತ ಲಾರಿಯು ಮಾಗಿಯಲ್ಲಿ ಉತ್ತರದೇಶಕ್ಕೆ ಸಾಗಬೇಕಾದರೆ ಅದಕ್ಕೆ ಹೀಟರು ಬೇಕು. ಮಳೆಗಾಲದಲ್ಲಿ ಮುಂದಿನ ಗಾಜಿಗೆ ಕವಿಯುವ ಮಂಜನ್ನು ಕಳೆಯುವುದಕ್ಕೂ ಅದೇ ಬೇಕು. ಎಂಜಿನಿನ ಬಿಸಿನೀರು ಒಂದು ಕಿರಿಯ ರೇಡಿಯೇಟರಿನಲ್ಲಿ ಹರಿಯುವುದು. ಬ್ಲೋವರೆಂಬ ಪಂಖವು ಅದರೊಳಗಿಂದ ಗಾಳಿಯನ್ನು ನೂಕುವುದು. ಪಂಖ ನಿಂತರೆ ಬಿಸಿನೀರಿದ್ದೂ ಕಾವಿಲ್ಲ, ಗಾಜಿದ್ದೂ ದಾರಿ ಕಾಣದು.

ಆ ಲಾರಿಯ ಪಂಖವು ಪೂರ್ಣ ವೇಗದಲ್ಲಿ ಮಾತ್ರ ತಿರುಗುತ್ತಿತ್ತು. ಕೆಳಗಿನ ವೇಗಗಳಲ್ಲಿ ನಿರ್ಜೀವವಾಗಿತ್ತು. ಇದರಿಂದ ಮೋಟಾರಿಗೆ ವಿದ್ಯುತ್ತು ಮುಟ್ಟುತ್ತಿರುವುದೆಂದೂ, ವೇಗವನ್ನು ತಗ್ಗಿಸುವ ರೆಸಿಸ್ಟರು ಸುಟ್ಟಿರುವುದೆಂದೂ ತಿಳಿದವರು ಊಹಿಸಬಲ್ಲರು. ಏಕೆಂದರೆ ಪೂರ್ಣ ವೇಗದಲ್ಲಿ ವಿದ್ಯುತ್ತು ಅದನ್ನು ಬಳಸಿಕೊಂಡು ನೇರವಾಗಿ ಹೋಗುವುದು. ಚಾಲಕನು ಅದನ್ನು ಅದಾಗಲೇ ಎರಡು ಸಲ ಬದಲಾಯಿಸಿದ್ದನು. ನಡುವೆ ಫ್ಯೂಜು ಹೋದಾಗ ಯಾರೋ ಅದರ ಸ್ಥಾನದಲ್ಲಿ ದಪ್ಪ ತಂತಿಯನ್ನು ಸುತ್ತಿದ್ದರು. ವೃದ್ಧನಾದ ಮಿಸ್ತ್ರಿಯು ಕರಿಕಾದ ಆ ತುಣುಕನ್ನು ಅಂಗೈಯಲ್ಲಿಟ್ಟು ನೋಡಿ, “ಇದು ತಾನಾಗಿ ಸುಟ್ಟಿಲ್ಲ ತಮ್ಮಾ, ಇದನ್ನ ಸುಟ್ಟಾಂವ ಬ್ಯಾರೆ ಅದಾನ” ಎಂದನು.

ಅವನು ಪಂಖವನ್ನು ಬಿಚ್ಚಿ ಬೆರಳಿನಿಂದ ತಿರುಗಿಸಿದನು. ಅದು ಬಿಗಿದು ನಿಂತಿತು. ಬುಶ್ಶುಗಳಲ್ಲಿ ಕಲ್ಲಿನ ಧೂಳು ಸೇರಿತ್ತು. ಬಿಗಿದ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯುವುದು. 5 ಆಂಪಿಯರು ಹರಿಯಬೇಕಾದಲ್ಲಿ 7 ಹರಿದರೆ ರೆಸಿಸ್ಟರಿನ ಕಾವು ಪ್ರವಾಹದ ವರ್ಗಕ್ಕನುಸಾರವಾಗಿ 25ರಿಂದ 49ಕ್ಕೆ, ಎಂದರೆ ಹೆಚ್ಚುಕಡಿಮೆ ಇಮ್ಮಡಿಗೆ ಏರುವುದು. ಅಷ್ಟೇ ಅಲ್ಲ, ಆ ರೆಸಿಸ್ಟರನ್ನು ತಂಪಾಗಿಡುವುದೂ ಅದೇ ಪಂಖದ ಗಾಳಿಯೇ. ಹೀಗೆ ಒಡೆಯನೇ ಹೊರೆಯನ್ನು ಹೆಚ್ಚಿಸಿ, ನೆರಳನ್ನೂ ಕಸಿದುಕೊಂಡರೆ ಸೇವಕನು ಬಾಳುವುದೆಂತು? ಸತ್ತವನನ್ನೇ ಅಪರಾಧಿಯೆಂದು ಎರಡು ಸಲ ಹೊರಗೆಸೆದದ್ದಾಯಿತು.

ಫ್ಯೂಜಿನ ಕಥೆ ಇನ್ನೂ ಗಂಭೀರವಾದುದು. ಅದರ ಧರ್ಮವೇ ಮಿತಿ ಮೀರಿದಾಗ ತಾನು ಕರಗಿ ಉಳಿದುದನ್ನು ಕಾಯುವುದು. ದಪ್ಪ ತಂತಿಯನ್ನು ಕಟ್ಟಿದಾತನು ದೋಷವನ್ನು ತೆಗೆಯಲಿಲ್ಲ. ದೋಷವನ್ನು ಸಾರುವ ಬಾಯನ್ನು ಮುಚ್ಚಿದನು. ಒಳಗಿನ ತಂತಿಗಳ ಹೊದಿಕೆ ಆಗಲೇ ಮೆತ್ತಗಾಗಿತ್ತು. ಇನ್ನೊಂದು ಪ್ರಯಾಣದಲ್ಲಿ ಬೆಂಕಿ ಹತ್ತಿದ್ದರೆ ಬೇಯುವವನು ಆ ತಂತಿಯನ್ನು ಕಟ್ಟಿದವನಲ್ಲ, ಒಳಗೆ ಕುಳಿತ ಚಾಲಕನು.

ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ ಅಲ್ಲವೆ? ಹುಡುಗನು ಓದಿನಲ್ಲಿ ಹಿಂದೆಬಿದ್ದರೆ ಅವನನ್ನು ಬೈಯುತ್ತೇವೆ. ರಾತ್ರಿಯೆಲ್ಲ ಹಿರಿಯರ ಜಗಳದಿಂದ ಅವನಿಗೆ ನಿದ್ರೆಯಿಲ್ಲವೆಂಬುದು ನಮಗೆ ತೋರದು. ಸೊಸೆಯು ಎದುರಾಡಿದರೆ ಅವಳ ಬಾಯನ್ನು ಮುಚ್ಚಿಸಿ ಮನೆಯಲ್ಲಿ ಶಾಂತಿ ನೆಲಸಿತೆನ್ನುತ್ತೇವೆ. ಅದು ಶಾಂತಿಯಲ್ಲ, ದಪ್ಪ ತಂತಿ.

ಆದರೆ ಪ್ರತಿಯೊಂದು ಕೇಡಿಗೂ ಮೂಲವನ್ನು ಅಗೆಯುತ್ತ ಕುಳಿತರೆ ಸಂಸಾರ ಸಾಗೀತೆ, ಬಾಡಿಗೆಯ ಲಾರಿ ಹೊತ್ತಿಗೆ ಹೊರಟೀತೆ ಎಂದು ಕೇಳಬಹುದು. ಇದು ನ್ಯಾಯವಾದ ಆಕ್ಷೇಪಣೆಯೇ. ತಾತ್ಕಾಲಿಕವಾದ ಉಪಾಯವು ಪಾಪವಲ್ಲ; ಬ್ಲೋವರಿನ ತಂತಿಯನ್ನು ಕಳಚಿ ಒಂದು ದಿನ ಚಳಿಯನ್ನು ಸಹಿಸಿ ಹೋಗಬಹುದು. ಪಾಪವಿರುವುದು ಎರಡರಲ್ಲಿ: ತಾತ್ಕಾಲಿಕವಾದುದನ್ನು ಪರಿಹಾರವೆಂದು ಕರೆಯುವುದರಲ್ಲಿ, ಮತ್ತು ಎಚ್ಚರಿಸುವುದನ್ನೇ ಕೊಲ್ಲುವುದರಲ್ಲಿ.

ಇಳಕಲ್ಲಿನವರಿಗೆ ಈ ಮಾತು ಹೊಸದಲ್ಲ. 2018ರಲ್ಲಿ ಲಿಂಗೈಕ್ಯರಾದ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು ಮನೆಮನೆಗೆ ಹೋಗಿ ಜೋಳಿಗೆಯೊಡ್ಡಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಕುಡಿತದಿಂದ ಹಾಳಾದ ಮನೆಗೆ ಕಾಳು ನೀಡುವವರು ಬಹಳ. ಹಾಳುಮಾಡಿದುದನ್ನೇ ಕೊಡೆಂದು ಕೇಳುವವರು ಕಡಿಮೆ.

ಮಿಸ್ತ್ರಿಯು ಬುಶ್ಶುಗಳನ್ನು ಬದಲಾಯಿಸಿ, ಸುಟ್ಟ ತಂತಿಗಳನ್ನು ತೆಗೆದು, ಹೊಸ ರೆಸಿಸ್ಟರನ್ನೂ ತಕ್ಕ ಅಳತೆಯ ಫ್ಯೂಜನ್ನೂ ಹಾಕಿದನು. ಪಂಖವು ಮೂರು ವೇಗಗಳಲ್ಲಿಯೂ ತಿರುಗಿತು. ಹೊರಡುವಾಗ ಚಾಲಕನು ಆ ದಪ್ಪ ತಂತಿಯನ್ನು ಎಸೆಯಹೋದನು. ಮಿಸ್ತ್ರಿಯು ಅದನ್ನು ಇಸಿದುಕೊಂಡು ತನ್ನ ಅಂಗಡಿಯ ಮೊಳೆಗೆ ತೂಗುಹಾಕಿದನು.