ಔಷಧದಾನವೂ ಅಭಯದಾನವೂ ಎದುರಾದಾಗ: ರೇಷ್ಮೆಯಿಂದ ಮೂಳೆ ಕೂಡಿಸುವ ವಿಚಾರ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳು ಶ್ರಾವಕನ ಕರ್ತವ್ಯಗಳೆಂಬುದು ವಾಚಕರಿಗೆ ತಿಳಿದುದೇ ಆಗಿದೆ. ಇವು ಒಂದಕ್ಕೊಂದು ಪೂರಕವೆಂದೇ ನಾವು ಕೇಳುತ್ತ ಬಂದಿದ್ದೇವೆ. ಆ ನಂಬಿಕೆಯಿಂದಲೇ ನಮ್ಮ ಬಸದಿಗಳ ಟ್ರಸ್ಟುಗಳೂ ಅನುಕೂಲಸ್ಥ ಮನೆತನಗಳೂ ಆಸ್ಪತ್ರೆಗಳಿಗೆ ಧಾರಾಳವಾಗಿ ನೆರವಾಗುತ್ತಿವೆ. ಆದರೆ ಔಷಧವೇ ಇನ್ನೊಂದು ಜೀವದ ಪ್ರಾಣಹಾನಿಯಿಂದ ಬಂದುದಾದರೆ ಔಷಧದಾನವೂ ಅಭಯದಾನವೂ ಎದುರುಬದುರಾಗಿ ನಿಲ್ಲುತ್ತವೆ. ರೇಷ್ಮೆಯ ನೆರವಿನಿಂದ ಮುರಿದ ಮೂಳೆಯನ್ನು ಕೂಡಿಸುವ, ನಷ್ಟವಾದ ಮೂಳೆಯನ್ನು ಬೆಳೆಸುವ ವಿದ್ಯೆಯು ಅಂತಹ ಪ್ರಸಂಗಗಳಲ್ಲೊಂದು.

ಮೊದಲು ವಸ್ತುಸ್ಥಿತಿಯನ್ನು ಅರಿಯೋಣ. ರೇಷ್ಮೆಯ ಎಳೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಪ್ರೋಟೀನುಗಳಿವೆ. ಒಳಗಿನ ಗಟ್ಟಿ ತಂತು ಫೈಬ್ರಾಯಿನ್. ಅದನ್ನು ಹೊದೆದ ಅಂಟು ಸೆರಿಸಿನ್. ಗೂಡನ್ನು ಸೋಡಾ ನೀರಿನಲ್ಲಿ ಕುದಿಸಿದರೆ ಅಂಟು ಬಿಟ್ಟುಹೋಗುತ್ತದೆ. ಉಳಿದ ತಂತುವನ್ನು ಲಿಥಿಯಂ ಬ್ರೋಮೈಡ್ ಎಂಬ ಲವಣದ ಗಾಢ ದ್ರಾವಣದಲ್ಲಿ ಕರಗಿಸಿ, ಅನಂತರ ಆ ಲವಣವನ್ನು ಪೊರೆಯ ಮೂಲಕ ಬೇರ್ಪಡಿಸಿದರೆ ರೇಷ್ಮೆಯು ದ್ರವರೂಪದಲ್ಲಿ ಕೈಗೆ ಬರುತ್ತದೆ. ಅದರಲ್ಲಿ ಉಪ್ಪಿನ ಹರಳುಗಳನ್ನು ಬೆರೆಸಿ ಗಟ್ಟಿಯಾಗಿಸಿ, ಬಳಿಕ ಉಪ್ಪನ್ನು ನೀರಿನಲ್ಲಿ ತೊಳೆದರೆ ಹರಳುಗಳಿದ್ದ ಕಡೆಯೆಲ್ಲ ರಂಧ್ರಗಳುಳಿದು ಸ್ಪಂಜಿನಂತಹ ವಸ್ತುವಾಗುತ್ತದೆ. ಮೂಳೆ ಇಲ್ಲವಾದೆಡೆ ಇದನ್ನಿರಿಸಿದರೆ ಮೂಳೆಯ ಜೀವಕೋಶಗಳು ಆ ರಂಧ್ರಗಳಲ್ಲಿ ನೆಲೆಸಿ, ಸುಣ್ಣದಂಶವನ್ನು ಕೂಡಿಸಿಕೊಂಡು ಹೊಸ ಮೂಳೆಯನ್ನು ಕಟ್ಟುತ್ತವೆ; ರೇಷ್ಮೆಯು ನಿಧಾನವಾಗಿ ದೇಹದಲ್ಲಿಯೇ ಲೀನವಾಗುತ್ತದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಕ್ಯಾಪ್ಲನ್ ಮತ್ತು ಅವರ ಸಹೋದ್ಯೋಗಿಗಳು ೨೦೧೪ರಲ್ಲಿ ರೇಷ್ಮೆಯಿಂದಲೇ ಮಾಡಿದ ತಿರುಪುಮೊಳೆಗಳನ್ನು ಇಲಿಗಳ ಮೂಳೆಯಲ್ಲಿ ಕೂರಿಸಿದ ಪ್ರಯೋಗವನ್ನು ಪ್ರಕಟಿಸಿದರು. ನಮ್ಮ ದೇಶದಲ್ಲಿಯೂ ಖರಗ್‌ಪುರದ ಐ.ಐ.ಟಿ.ಯಲ್ಲಿ ಸುಭಾಸ್ ಕುಂಡು ಅವರು ಕಾಡಿನ ಟಸಾರ್ ರೇಷ್ಮೆಯನ್ನು ಕುರಿತು ಬಹುಕಾಲ ಸಂಶೋಧನೆ ನಡೆಸಿದ್ದಾರೆ.

ಇದರ ಪ್ರಯೋಜನವನ್ನು ಅಲ್ಲಗಳೆಯಲಾಗದು. ಟೈಟೇನಿಯಂ ಲೋಹವು ಮೂಳೆಗಿಂತ ಬಹಳ ಬಿರುಸಾದುದರಿಂದ ಭಾರವನ್ನೆಲ್ಲ ತಾನೇ ಹೊತ್ತು ಸುತ್ತಲಿನ ಮೂಳೆಯನ್ನು ದುರ್ಬಲಗೊಳಿಸುವುದುಂಟು. ಕೆಲವೊಮ್ಮೆ ಅದನ್ನು ತೆಗೆಯಲು ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ರೋಗಿಯ ಸೊಂಟದಿಂದಲೇ ಮೂಳೆಯನ್ನು ಕತ್ತರಿಸಿ ಇಡುವ ಹಳೆಯ ಕ್ರಮದಲ್ಲಿ ಎರಡು ಗಾಯ, ಎರಡು ನೋವು. ಮೂಳೆಗಾಗಿ ರೇಷ್ಮೆಯ ಬಳಕೆ ಇನ್ನೂ ಬಹುಮಟ್ಟಿಗೆ ಪ್ರಯೋಗಶಾಲೆಗಳಲ್ಲಿಯೇ ಇದೆ. ಆದರೆ ಗಾಯ ಹೊಲಿಯುವ ರೇಷ್ಮೆ ದಾರವು ಬಹಳ ಹಿಂದಿನಿಂದಲೂ ಶಸ್ತ್ರವೈದ್ಯರ ಕೈಯಲ್ಲಿದೆ. ನಮ್ಮಲ್ಲಿ ಎಷ್ಟೋ ಮಂದಿಯ ದೇಹದಲ್ಲಿ ಅದು ಹಾದುಹೋಗಿರಬಹುದು, ಯಾರೂ ವಿಚಾರಿಸಿದವರಿಲ್ಲ.

ಇನ್ನು ಹಿಂಸೆಯ ಲೆಕ್ಕ. ನಾನು ವ್ಯಾಪಾರಿ, ತೂಕ ಹಾಕದೆ ಮಾತನಾಡುವುದು ನನಗೆ ಒಗ್ಗದು. ಒಂದು ಕಿಲೋ ಕಚ್ಚಾ ರೇಷ್ಮೆಗೆ ಒಳ್ಳೆಯ ತಳಿಯ ಗೂಡುಗಳಾದರೂ ಆರೇಳು ಕಿಲೋ ಬೇಕು. ಒಂದು ಗೂಡಿನ ತೂಕ ಸುಮಾರು ಒಂದೂವರೆ ಗ್ರಾಂ. ಎಂದರೆ ಕಿಲೋ ಒಂದಕ್ಕೆ ಹೆಚ್ಚುಕಡಿಮೆ ನಾಲ್ಕು ಸಾವಿರ ಜೀವಗಳು. ಅಂಟನ್ನು ಕಳೆದಾಗ ಕಾಲು ಭಾಗ ತೂಕ ಇಳಿಯುವುದರಿಂದ ಒಂದು ಗ್ರಾಂ ಶುದ್ಧ ಫೈಬ್ರಾಯಿನ್‌ಗೆ ಐದಾರು ಗೂಡುಗಳು. ಅರ್ಧ ಕಿಲೋ ರೇಷ್ಮೆಯ ಒಂದು ಮದುವೆ ಸೀರೆಗೆ ಎರಡು ಸಾವಿರಕ್ಕೂ ಮೀರಿದ ಜೀವಗಳು. ಮನೆಯ ಬೀರುವಿನಲ್ಲಿ ಇಪ್ಪತ್ತು ಸೀರೆಗಳನ್ನಿಟ್ಟುಕೊಂಡವರು ಅಪಘಾತದಲ್ಲಿ ಕಾಲು ಮುರಿದುಕೊಂಡವನ ರೇಷ್ಮೆಯ ಮೊಳೆಯನ್ನು ಕಂಡು ಶಾಸ್ತ್ರ ತೆಗೆದರೆ ಆ ಶಾಸ್ತ್ರಕ್ಕೇ ಅವಮಾನ. ರೇಷ್ಮೆಯನ್ನು ತೊರೆದ ಕುಟುಂಬಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಕೇಳುವ ಅಧಿಕಾರ ಮೊದಲು ಅವರದು.

ಆದರೂ ಸಂಖ್ಯೆ ಕಿರಿದಾದ ಮಾತ್ರಕ್ಕೆ ಪ್ರಶ್ನೆ ಅಳಿಯದು. ಹುಳುವನ್ನು ದ್ವೀಂದ್ರಿಯವೆಂದೂ ಪತಂಗವನ್ನು ಚತುರಿಂದ್ರಿಯವೆಂದೂ ಎಣಿಸುವುದು ವಾಡಿಕೆ. ಯಾವ ಎಣಿಕೆಯಲ್ಲಿಯೂ ಅದು ತ್ರಸಜೀವವೇ. ತ್ರಸಜೀವದ ಸಂಕಲ್ಪಹಿಂಸೆಯನ್ನು ಅಣುವ್ರತಿಯೂ ಬಿಡತಕ್ಕದ್ದು. ತಾನು ಕೊಲ್ಲಲಿಲ್ಲವೆಂಬ ಸಮಾಧಾನವೂ ಸಾಲದು. ಮಾಡುವುದು, ಮಾಡಿಸುವುದು, ಮಾಡಿದುದನ್ನು ಒಪ್ಪುವುದು ಎಂಬ ಮೂರೂ ಬಾಗಿಲುಗಳಿಂದ ಕರ್ಮವು ಒಳಬರುತ್ತದೆ. ಒಬ್ಬನು ಮಾಡಿದ ಹಿಂಸೆಯ ಫಲವನ್ನು ಹಲವರು ಅನುಭವಿಸಬೇಕಾಗಬಹುದೆಂಬ ಸೂಕ್ಷ್ಮವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿವೇಚಿಸಿದ್ದಾರೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಪ್ರಜ್ಞೆತಪ್ಪಿ ಮಲಗಿದವನಲ್ಲಿ ಪ್ರಮಾದವನ್ನಾಗಲಿ ಕಷಾಯವನ್ನಾಗಲಿ ಹುಡುಕುವುದು ನ್ಯಾಯವಲ್ಲ. ಆದರೆ ನೆಮ್ಮದಿಯಾಗಿ ಕುಳಿತು ಚೆಕ್ಕಿಗೆ ಸಹಿ ಹಾಕುವ ಟ್ರಸ್ಟಿಗೆ, ಸಂಶೋಧನೆಗೆ ಹಣ ಕೊಡುವ ದಾನಿಗೆ ಆ ರಿಯಾಯಿತಿ ಇಲ್ಲ. ಅವನಿಗೆ ವಿಚಾರಿಸಲು ಕಾಲವಿದೆ; ವಿಚಾರಿಸದಿದ್ದರೆ ಅದೇ ಪ್ರಮಾದ.

ವಿಚಾರಿಸಬೇಕಾದುದು ಯಾವುದನ್ನು? ರೇಷ್ಮೆಗಾಗಿ ಹುಳುವನ್ನು ಏಕೆ ಕೊಲ್ಲುತ್ತಾರೆಂಬುದನ್ನು. ರಾಮನಗರ, ಶಿಡ್ಲಘಟ್ಟಗಳ ಗೂಡಿನ ಮಾರುಕಟ್ಟೆಗಳನ್ನು ಬಲ್ಲವರಿಗೆ ಇದು ಗೊತ್ತು. ಪತಂಗವು ತಾನಾಗಿ ಹೊರಬರುವಾಗ ದ್ರವವೊಂದನ್ನು ಸ್ರವಿಸಿ ಗೂಡಿನ ಒಂದು ತುದಿಯನ್ನು ಸಡಿಲಿಸಿ ತೂತು ಮಾಡುತ್ತದೆ. ಆಗ ಸಾವಿರ ಮೀಟರಿನಷ್ಟು ಉದ್ದದ ಅಖಂಡ ಎಳೆ ತುಂಡುತುಂಡಾಗುತ್ತದೆ. ನೂಲು ಬಿಚ್ಚಲು ಬಾರದು, ಹತ್ತಿಯಂತೆ ನೂತುಕೊಳ್ಳಬೇಕು. ಬಟ್ಟೆಯ ಹೊಳಪು, ನಯ, ಬೆಲೆ ಎಲ್ಲವೂ ಇಳಿಯುತ್ತವೆ. ಆದುದರಿಂದಲೇ ಹೊರಬರುವ ಮುನ್ನ ಬಿಸಿಗಾಳಿಗೋ ಹಬೆಗೋ ಒಡ್ಡಿ ಕೊಲ್ಲುವುದು. ಎಂದರೆ ಆ ಜೀವವು ಸಾಯುವುದು ರೇಷ್ಮೆಗಾಗಿ ಅಲ್ಲ, ಎಳೆಯ ಅಖಂಡತೆಗಾಗಿ.

ಮೂಳೆಯ ಮದ್ದಿಗೆ ಈ ಅಖಂಡತೆ ಬೇಕೇ? ಬೇಡ. ಮೇಲೆ ಹೇಳಿದ ಕ್ರಮವನ್ನು ಮತ್ತೊಮ್ಮೆ ನೋಡಿರಿ. ಅಲ್ಲಿ ತಂತುವನ್ನು ಹೇಗೂ ಕರಗಿಸುತ್ತಾರೆ. ಪ್ರಯೋಗಶಾಲೆಗಳಲ್ಲಿ ಗೂಡನ್ನು ಮೊದಲೇ ಕತ್ತರಿಯಿಂದ ಕತ್ತರಿಸಿ, ಒಳಗಿನ ಸತ್ತ ಹುಳುವನ್ನು ತೆಗೆದೆಸೆದು, ಅನಂತರ ಕುದಿಸುವುದು ರೂಢಿ. ಕತ್ತರಿಯಿಂದ ತುಂಡಾದ ಗೂಡು ಸಾಕೆಂದಾದರೆ ಪತಂಗವೇ ತೂತು ಮಾಡಿ ಹೋದ ಗೂಡೇಕೆ ಸಾಲದು? ಅದನ್ನು ಹೆಚ್ಚು ತೊಳೆಯಬೇಕಾದೀತು, ಶುದ್ಧಿಯ ಪರೀಕ್ಷೆ ಬಿಗಿಯಾಗಬೇಕಾದೀತು, ಖರ್ಚು ತುಸು ಏರೀತು. ಅಷ್ಟೇ. ಇಲ್ಲಿ ಜೀವಹಾನಿಯು ಅನಿವಾರ್ಯತೆಯಿಂದ ನಡೆಯುತ್ತಿಲ್ಲ. ಬಟ್ಟೆಯ ವ್ಯಾಪಾರಕ್ಕೆಂದು ಸಿದ್ಧವಾದ ಗೂಡು ಸುಲಭವಾಗಿ ಸಿಗುತ್ತದೆಂಬ ಅಭ್ಯಾಸದಿಂದ ನಡೆಯುತ್ತಿದೆ. ಪತಂಗ ಹೊರಬಂದ ಗೂಡಿನಿಂದ ಹೈದರಾಬಾದಿನ ಕುಸುಮ ರಾಜಯ್ಯನವರು ಸೀರೆಯನ್ನೇ ನೇಯಿಸಿ ತೋರಿಸಿದ್ದಾರೆ. ಸೀರೆಗಿಂತ ಮದ್ದಿಗೆ ಅದು ಹೆಚ್ಚು ಸುಲಭ.

ಇಷ್ಟರಿಂದ ಎಲ್ಲವೂ ನಿರ್ದೋಷವಾಯಿತೆಂದು ಹೇಳಲಾರೆ. ತೂತಾದ ಗೂಡುಗಳು ಇಂದಿಗೂ ರಾಶಿಯಾಗಿ ದೊರೆಯುವುದು ಮೊಟ್ಟೆ ತಯಾರಿಸುವ ಬಿತ್ತನೆ ಕೇಂದ್ರಗಳಲ್ಲಿ. ಅಲ್ಲಿ ಮೊಟ್ಟೆಯಿಟ್ಟ ತಾಯಿ ಪತಂಗವನ್ನು ಅರೆದು, ಪೆಬ್ರಿನ್ ರೋಗದ ಸೋಂಕುಂಟೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ೧೮೬೦ರ ದಶಕದಲ್ಲಿ ಲೂಯಿ ಪಾಶ್ಚರ್ ರೂಪಿಸಿದ ಕ್ರಮವಿದು. ಗೂಡಿನಿಂದ ಬಿಡುಗಡೆ ಹೊಂದಿದ ಜೀವವು ಅರೆಗಲ್ಲಿಗೆ ಬಿದ್ದರೆ ಅಭಯವೆಲ್ಲಿ? ಇನ್ನು ಎಲ್ಲ ಪತಂಗಗಳನ್ನೂ ಕೂಡಲು ಬಿಟ್ಟರೆ ಒಂದೊಂದೂ ನಾನೂರರಷ್ಟು ಮೊಟ್ಟೆಯಿಡುತ್ತದೆ; ಅಷ್ಟೂ ಮರಿಗಳಿಗೆ ಹಿಪ್ಪುನೇರಳೆ ಸೊಪ್ಪು ಕೊಡುವವರಾರು? ಹಸಿವಿನಿಂದ ಸಾಯಬಿಡುವುದೂ ಹಿಂಸೆಯೇ. ಕೋಶಾವಸ್ಥೆಯಲ್ಲಿಯೇ ಗಂಡು ಹೆಣ್ಣುಗಳನ್ನು ಬೇರ್ಪಡಿಸಿ ಇಟ್ಟರೆ ಸಂತತಿಯ ತೊಡಕಿಲ್ಲ. ಆಹಾರವನ್ನೇ ಸೇವಿಸದ ಆ ಪತಂಗಗಳು ತಮ್ಮ ಕೆಲದಿನದ ಆಯುಷ್ಯವನ್ನು ಪೂರೈಸುತ್ತವೆ. (ಹುಳುಗಳಿಗೂ ಬ್ರಹ್ಮಚರ್ಯವೇ ಎಂದು ಮಿತ್ರರೊಬ್ಬರು ನಕ್ಕರು; ನಗಲಿ.) ಕ್ವಿಂಟಾಲುಗಟ್ಟಲೆ ನೂಲಿನ ವ್ಯಾಪಾರದಲ್ಲಿ ಇದು ನಡೆಯದ ಮಾತು. ಗ್ರಾಂಗಳಲ್ಲಿ ಅಳೆಯುವ ಮದ್ದಿಗೆ ನಡೆದೀತು.

ಇದಕ್ಕಿಂತ ಭಾರವಾದ ಪ್ರಶ್ನೆ ಇಲಿಗಳದು, ಮೊಲಗಳದು. ಅವು ಪಂಚೇಂದ್ರಿಯ ಜೀವಗಳು. ರೇಷ್ಮೆಯೇ ಅಲ್ಲ, ಲೋಹದ ಮೊಳೆಯೂ ನಾವು ನುಂಗುವ ಬಹುತೇಕ ಮಾತ್ರೆಗಳೂ ಅವುಗಳ ನೋವಿನ ಮೇಲೆಯೇ ಬಂದಿವೆ. ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು.

ಇಂದೇ ಕೇಳಬಹುದಾದ ಮಾತೊಂದಿದೆ. ದಂತವೈದ್ಯರು ದವಡೆಯ ಮೂಳೆ ತುಂಬಲು ಬಳಸುವ ಪುಡಿಗಳಲ್ಲಿ ದನದ ಮೂಳೆಯಿಂದ ತಯಾರಾದವೂ ಇವೆ. ಮೂಳೆಗೆ ಬಳಸುವ ಕೊಲಾಜನ್ ಹಾಳೆಗಳು ಹಲವು ದನ, ಹಂದಿಗಳ ಮೂಲದವು. ಇವುಗಳ ಮುಂದೆ ರೇಷ್ಮೆಯ ದೋಷ ಕಿರಿದು. ಪ್ರಾಣಿಮೂಲವಲ್ಲದ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳೂ ಜೈವಿಕ ಗಾಜೂ ದೊರೆಯುತ್ತವೆ. ಎಲ್ಲ ರೋಗಿಗಳಿಗೂ ಅವು ಒಗ್ಗುವುದಿಲ್ಲವಾದರೂ, ಮೊದಲು ಅವನ್ನು ಕೇಳಲು ಸಂಕೋಚವೇಕೆ? ಮಹಾವ್ರತಿಗಳು ಇವೆಲ್ಲವನ್ನೂ ನಿರಾಕರಿಸಿ ದೇಹದ ಮಮತೆಯನ್ನೇ ಬಿಡಬಲ್ಲರು. ಆ ಅಳತೆಗೋಲನ್ನು ಮನೆಯಲ್ಲಿ ಮೂಳೆ ಮುರಿದುಕೊಂಡು ನರಳುವ ತಾಯಿಯ ಮೇಲೆ ಇಡಲು ನಮಗೆ ಅಧಿಕಾರವಿಲ್ಲ.

ಟ್ರಸ್ಟುಗಳ ವಿಚಾರ ಬೇರೆ. ಆಸ್ಪತ್ರೆಗೋ ಸಂಶೋಧನೆಗೋ ಹಣ ಕೊಡುವಾಗ ಶಾಸನದ ಕಲ್ಲಿನಲ್ಲಿ ಹೆಸರು ಎಷ್ಟು ದೊಡ್ಡದಿರಬೇಕೆಂದು ನಾವು ವಿವರವಾಗಿ ಬರೆದುಕೊಡುತ್ತೇವೆ. ಅದೇ ಪತ್ರದಲ್ಲಿ ಇನ್ನೆರಡು ಸಾಲು ಸೇರಿಸಬಹುದು: ಪ್ರಾಣಿಮೂಲದ ವಸ್ತುವನ್ನು ರೋಗಿಗೆ ತಿಳಿಸದೆ ಬಳಸತಕ್ಕದ್ದಲ್ಲ, ಮದ್ದಿನ ರೇಷ್ಮೆಯನ್ನು ಪತಂಗವು ಜೀವಂತವಾಗಿ ಹೊರಬಂದ ಗೂಡಿನಿಂದಲೇ ತಯಾರಿಸಲು ಯತ್ನಿಸತಕ್ಕದ್ದು, ಅದರ ಹೆಚ್ಚಿನ ವೆಚ್ಚವನ್ನು ಟ್ರಸ್ಟು ಭರಿಸುವುದು.